ಚುಕ್ಕೆ ಇದ್ದ ಮಾತ್ರಕ್ಕೆ ಚಿರತೆಯಲ್ಲ

ಕೇಳುಗರಿಗೆ ನಮಸ್ಕಾರ.

ಮೈತುಂಬ ಚುಕ್ಕೆಯಿರುವ ಸಾಕುಬೆಕ್ಕನ್ನು ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಇದಕ್ಕೆ ಚಿರತೆ ರಕ್ತ ಬೆರೆಸಿದ್ದಾರಾ?” ಇಲ್ಲ. ಇವತ್ತಿನ ವಿಷಯ ಆಸಿಕ್ಯಾಟ್ ತಳಿ. ಅದರಲ್ಲಿ ಕಾಡಿನ ರಕ್ತ ಒಂದು ಹನಿಯೂ ಇಲ್ಲ. ಬೆಂಗಾಲ್ ಬೆಕ್ಕಿನ ಮಾತು ಬೇರೆ. ಅದರ ಪೂರ್ವಜರಲ್ಲಿ ಏಷ್ಯಾದ ಚಿರತೆ ಬೆಕ್ಕು ಎಂಬ ಪುಟ್ಟ ಕಾಡುಬೆಕ್ಕು ನಿಜಕ್ಕೂ ಇದೆ. ಆಸಿಕ್ಯಾಟ್ ಬಂದಿರುವುದು ಸಯಾಮೀಸ್ ಮತ್ತು ಅಬಿಸೀನಿಯನ್‌ನಿಂದ, ಆಮೇಲೆ ಸೇರಿಸಿಕೊಂಡ ಅಮೆರಿಕನ್ ಶಾರ್ಟ್‌ಹೇರ್‌ನಿಂದ. ಮೂರೂ ಮನೆಬೆಕ್ಕುಗಳೇ.

ಹಾಗಾದರೆ ಚುಕ್ಕೆ ಎಲ್ಲಿಂದ ಬಂತು? 1964ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನಡೆದದ್ದು ಕೇಳಿ. ಬೆಕ್ಕು ಸಾಕುತ್ತಿದ್ದ ವರ್ಜೀನಿಯಾ ಡೇಲಿ ಅವರಿಗೆ ಚುಕ್ಕೆ ಬೇಕಾಗಿರಲೇ ಇಲ್ಲ. ಸಯಾಮೀಸ್ ಬೆಕ್ಕಿಗೆ ಮುಖ, ಕಿವಿ, ಕಾಲು, ಬಾಲದಲ್ಲಷ್ಟೇ ಗಾಢ ಬಣ್ಣ ಇರುತ್ತದಲ್ಲ, ಆ ಜಾಗಗಳಿಗೆ, ಮೈ ಮೇಲೆ ಪಟ್ಟೆ-ಚುಕ್ಕೆ ಕಾಣದ ಅಬಿಸೀನಿಯನ್ ಬೆಕ್ಕಿನ ಬಣ್ಣ ತರಬೇಕೆಂಬುದು ಅವರ ಆಸೆ. ಸಯಾಮೀಸ್ ಹೆಣ್ಣನ್ನು ಅಬಿಸೀನಿಯನ್ ಗಂಡಿನ ಜೊತೆ ಕೂಡಿಸಿದರು. ಮರಿಗಳೆಲ್ಲ ಅಪ್ಪನ ಹಾಗೇ ಆದವು. ಅವುಗಳಲ್ಲಿ ಒಂದು ಹೆಣ್ಣನ್ನು ಮತ್ತೆ ಸಯಾಮೀಸ್ ಗಂಡಿಗೆ ಕೂಡಿಸಿದರು. ಬಯಸಿದ ಬಣ್ಣ ಬಂತು. ಬಯಸದೇ ಇದ್ದದ್ದೂ ಬಂತು: ದಂತದ ಬಣ್ಣದ ಮೈ ಮೇಲೆ ಹೊಂಬಣ್ಣದ ಚುಕ್ಕೆಗಳ ಒಂದು ಗಂಡುಮರಿ. ಹೆಸರು ಟೋಂಗಾ. ಅಮೆರಿಕ ಖಂಡದ ಆಸೆಲಾಟ್ ಎಂಬ ಕಾಡುಬೆಕ್ಕಿನ ಹಾಗಿದೆಯೆಂದು ಡೇಲಿಯವರ ಮಗಳು ಇದನ್ನು ಆಸಿಕ್ಯಾಟ್ ಎಂದಳು. ಹೆಸರು ಚೆನ್ನಾಗಿದೆ, ನಿಜ. ಜನ ಇವತ್ತಿಗೂ ತಪ್ಪು ತಿಳಿಯುವುದಕ್ಕೆ ಆ ಹೆಸರೂ ಒಂದು ಕಾರಣ!

ಇದರಲ್ಲಿ ಪವಾಡ ಏನೂ ಇಲ್ಲ. ಪಟ್ಟೆ-ಚುಕ್ಕೆಯ ವಿನ್ಯಾಸ ಸಯಾಮೀಸ್ ಒಳಗೇ ಅಡಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅದು ಹೊರಗೆ ಬರಬೇಕಾದರೆ ಈ ಮರಿಗೆ ತಾಯಿಯಿಂದ ಮೂರು ವಿಷಯ ಒದಗಬೇಕಿತ್ತು. ಒಂದು, ವಿನ್ಯಾಸವನ್ನು ಮುಚ್ಚಿಹಾಕುವ ಅಬಿಸೀನಿಯನ್ ಜೀನ್ ಬರಬಾರದು. ಎರಡು, ಕೂದಲಿಗೆ ಬಣ್ಣದ ಪಟ್ಟಿ ಹಾಕುವ ಜೀನ್ ಬರಬೇಕು. ಮೂರು, ಇಡೀ ಮೈಗೆ ಬಣ್ಣ ಕೊಡುವ ಜೀನೂ ಬರಬೇಕು. ಒಂದೊಂದೂ ನಾಣ್ಯ ಚಿಮ್ಮಿದ ಹಾಗೆ, ಬಿದ್ದರೆ ಬಿತ್ತು. ಮೂರೂ ಒಟ್ಟಿಗೆ ಬೀಳುವುದು ಎಂಟು ಮರಿಗೆ ಒಂದರ ಲೆಕ್ಕ. ಕಾಡುಪ್ರಾಣಿಯ ನೆರವು ಬೇಕೇ ಆಗಲಿಲ್ಲ, ಗಮನಿಸಿ.

ತಮಾಷೆಯೆಂದರೆ ಟೋಂಗಾನಿಂದ ತಳಿ ಬೆಳೆಯಲಿಲ್ಲ. ಅವನಿಗೆ ಬೀಜ ತೆಗೆಸಿ ಸಾಕುವವರಿಗೆ ಕೊಟ್ಟುಬಿಟ್ಟಿದ್ದರು. ಕ್ಲೈಡ್ ಕೀಲರ್ ಎಂಬ ತಳಿವಿಜ್ಞಾನಿ ಆಸಕ್ತಿ ತೋರಿಸಿದ ಮೇಲೆ ಅದೇ ಅಪ್ಪ-ಅಮ್ಮನನ್ನು ಮತ್ತೆ ಕೂಡಿಸಿದರು, ಚುಕ್ಕೆಮರಿ ಮತ್ತೆ ಹುಟ್ಟಿತು.

ಕಥೆಯಲ್ಲೇ ಅರ್ಧ ಸಮಯ ಹೋಯಿತು. ಮೈಕಟ್ಟಿಗೆ ಬರೋಣ.

ಮೊದಲು ಒಂದು ಕೂದಲನ್ನು ಹತ್ತಿರದಿಂದ ನೋಡಿ. ಬೆನ್ನಿನ ತುಪ್ಪಳವನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರೆ ಒಂದೇ ಕೂದಲಲ್ಲಿ ತಿಳಿ, ಗಾಢ, ತಿಳಿ ಎಂದು ಪಟ್ಟಿಗಳು ಕಾಣುತ್ತವೆ. ಚುಕ್ಕೆಯೊಳಗಿನ ಕೂದಲ ತುದಿ ಗಾಢ, ಚುಕ್ಕೆಯ ಹೊರಗಿನದ್ದು ತಿಳಿ. ಚುಕ್ಕೆ ಎಂದರೆ ಇಷ್ಟೇ, ಕೂದಲ ತುದಿಯ ಬಣ್ಣ. ಪಟ್ಟಿಯಿಲ್ಲದ ಜಾಗ ಒಂದೇ, ಬಾಲದ ಕೊನೆ. ಅಲ್ಲಿ ಪೂರ್ತಿ ಗಾಢ. ಕೂದಲು ಗಿಡ್ಡ, ಮೈಗೆ ಅಂಟಿಕೊಂಡಿರಬೇಕು. ಉದ್ದವಾದರೆ ತುದಿಗಳು ಒಂದರ ಮೇಲೊಂದು ಬಿದ್ದು ಚುಕ್ಕೆಯ ಅಂಚು ಮಸುಕಾಗುತ್ತದೆ.

ಭುಜದಿಂದ ಬಾಲದವರೆಗೆ ಬೆನ್ನಿನುದ್ದಕ್ಕೂ ಚುಕ್ಕೆಗಳ ಸಾಲು. ಪಕ್ಕೆಗಳ ಮೇಲೆ ಹೆಬ್ಬೆರಳು ಒತ್ತಿದಂಥ ದೊಡ್ಡ ಚುಕ್ಕೆಗಳು. ನಡುವೆ ಒಂದು, ಅದರ ಸುತ್ತ ಉಳಿದವು. ಚುಕ್ಕೆಗಳು ಒಂದಕ್ಕೊಂದು ಕೂಡಿ ಪಟ್ಟೆಯಾದರೆ ಪ್ರದರ್ಶನದಲ್ಲಿ ಅಂಕ ಹೋಯಿತು. ಕಾಲಿನ ಬಳೆ, ಕೊರಳಿನ ಹಾರ ಎರಡೂ ತುಂಡು ತುಂಡಾಗಿರಬೇಕು. ಹೊಟ್ಟೆಯ ಮೇಲೂ ಚುಕ್ಕೆ ಇರಬೇಕು, ಮರಿ ಕೊಳ್ಳುವವರು ತಿರುಗಿಸಿ ನೋಡುವುದನ್ನೇ ಮರೆಯುತ್ತಾರೆ!

ಬಣ್ಣ ಹನ್ನೆರಡು: ಕಂದು, ಚಾಕೊಲೇಟ್, ದಾಲ್ಚಿನ್ನಿ, ಇವು ಮೂರರ ತೆಳು ರೂಪಗಳು, ಆ ಆರಕ್ಕೂ ಒಂದೊಂದು ಬೆಳ್ಳಿ ರೂಪ. ಬೆಳ್ಳಿಯನ್ನು ತಂದದ್ದು ಅಮೆರಿಕನ್ ಶಾರ್ಟ್‌ಹೇರ್. ಎಲುಬು ಗಟ್ಟಿಯಾದದ್ದೂ ಅದರಿಂದಲೇ. ಕಣ್ಣು ಬಾದಾಮಿ ಆಕಾರ, ನೀಲಿ ಬಿಟ್ಟು ಯಾವ ಬಣ್ಣವಾದರೂ ಸರಿ. ಎದೆಯಲ್ಲಿ ಬಿಳಿ ಮಚ್ಚೆ, ಸೊಟ್ಟ ಬಾಲ ಇದ್ದರೆ ಸ್ಪರ್ಧೆಯಿಂದ ಹೊರಗೆ. ಸಾಕುವುದಕ್ಕೆ ಅದರಿಂದ ತೊಂದರೆಯೇನಿಲ್ಲ.

ವಾರಕ್ಕೊಮ್ಮೆ ರಬ್ಬರ್ ಬ್ರಷ್ ಆಡಿಸಿ ಉದುರುಗೂದಲು ತೆಗೆದರೆ ಚುಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದು ಮಾತು, ಇದು ಮಾಂಸಖಂಡದ ಬೆಕ್ಕು, ನೋಟಕ್ಕಿಂತ ತೂಕ ಹೆಚ್ಚು. ಎತ್ತಿಕೊಳ್ಳುವಾಗ ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಗಾಲಿನಡಿ ಇರಲಿ.

ನಮಸ್ಕಾರ.