ಕೂಗಿದರೆ ದೀಪ ನೋಡಿ

ಕೇಳುಗರಿಗೆ ನಮಸ್ಕಾರ. ಶರಾವತಿ ನೀರಿನಿಂದ ದೂರದ ಊರುಗಳಿಗೂ ಕರೆಂಟ್ ಕಳಿಸುವ ಜಿಲ್ಲೆ ನಮ್ಮದು. ಆದರೂ ಪುನರ್ವಸು ಮಳೆ ಹಿಡಿದು, ಒಂದು ಮರ ತಂತಿ ಮೇಲೆ ಒರಗಿತು ಅಂದರೆ ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಿಗೆ ಎರಡು ಮೂರು ದಿನ ಕತ್ತಲೆ. ಹಾಗಾಗಿ ಎಷ್ಟೋ ಮನೆಗಳಿಗೆ ಇನ್ವರ್ಟರ್ ಬಂದಿದೆ. ಅದರ ಮುಂಭಾಗದಲ್ಲಿ ಮೂರು ನಾಲ್ಕು ಪುಟ್ಟ ದೀಪ, ಒಳಗೊಂದು ಬೀಪ್ ಬೀಪ್ ಸದ್ದು. 20 ವರ್ಷದಿಂದ ಇವನ್ನು ರಿಪೇರಿ ಮಾಡುತ್ತಿದ್ದೇನೆ. ದೀಪ ನೋಡಿ ಫೋನ್ ಮಾಡಿದವರನ್ನು ಬೆರಳಲ್ಲಿ ಎಣಿಸಬಹುದು. ಉಳಿದವರದ್ದು ಒಂದೇ ಮಾತು: "ಕೂಗ್ತಾ ಇದೆ ಮಾರಾಯ್ರೆ, ಬೇಗ ಬನ್ನಿ."

ನನ್ನದೂ ಇವತ್ತು ಒಂದೇ ಮಾತು. ಕೂಗಿದರೆ ದೀಪ ನೋಡಿ. ಸ್ವಿಚ್ ಆಮೇಲೆ, ಮೊದಲು ದೀಪ.

ತೀರ್ಥಹಳ್ಳಿ ಹತ್ತಿರದ ಒಂದು ತೋಟದ ಮನೆ. ಜೋರು ಮಳೆ, ಕರೆಂಟ್ ಹೋಗಿ ಒಂದು ದಿನ ಆಗಿತ್ತು. ರಾತ್ರಿ ಊಟದ ಹೊತ್ತಿಗೆ ಎಲ್ಲಿಂದಲೋ ಕಿರ್ ಕಿರ್ ಅಂತ ಸದ್ದು. ಆ ಮನೆಯ ಅಜ್ಜಿ, "ಇಷ್ಟು ಮಳೇಲಿ ಜೀರುಂಡೆ ಒಳಗೆ ಬಂದಿದೆ ಕಾಣ್ತದೆ" ಅಂದರಂತೆ. ಮನೆಮಂದಿ ಎಲ್ಲ ಟಾರ್ಚ್ ಹಿಡಿದು ಅಟ್ಟ ಹತ್ತಿದರು. ಅಡಿಕೆ ಚೀಲ ಸರಿಸಿದರು. ಗಡಿಯಾರದ ಹಿಂದೆ ನೋಡಿದರು. ಅರ್ಧ ಗಂಟೆ ಹುಡುಕಿದರೂ ಜೀರುಂಡೆ ಇಲ್ಲ. ಅಷ್ಟರಲ್ಲಿ ಪೂರ್ತಿ ಮನೆ ಕತ್ತಲಾಯಿತು, ಸದ್ದೂ ನಿಂತಿತು. ಅಜ್ಜಿ, "ಹೋಯ್ತು ಬಿಡಿ, ಜೀರುಂಡೆ ಹಾರಿ ಹೋಯ್ತು" ಅಂದರು!

ಮೊಮ್ಮಗನಿಗೆ ಗೊತ್ತಾಯಿತು ಇದು ಇನ್ವರ್ಟರ್ ಅಂತ. ಹೋಗಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದ. ಬಲ್ಬ್ ಬಂತು, ಟಿವಿ ಬಂತು. ಹತ್ತು ನಿಮಿಷಕ್ಕೆ ಮತ್ತೆ ಕೂಗು, ಮತ್ತೆ ಕತ್ತಲೆ. ಮತ್ತೆ ಆಫ್, ಮತ್ತೆ ಆನ್. ಎರಡು ದಿನ ಇದೇ ಕೆಲಸ. ಸುಸ್ತಾಗಿ ಮಲಗಿದ ಎತ್ತನ್ನು ಎಬ್ಬಿಸಿ ಎಬ್ಬಿಸಿ ನೊಗಕ್ಕೆ ಕಟ್ಟಿದ ಹಾಗೆ. ಅಷ್ಟೂ ಹೊತ್ತು ಲೋ ಬ್ಯಾಟರಿ ಅನ್ನುವ ಕೆಂಪು ದೀಪ ಕಣ್ಣು ಮಿಟುಕಿಸುತ್ತಲೇ ಇತ್ತು. ಯಾರೂ ನೋಡಲಿಲ್ಲ.

ಕೊನೆಗೆ ಕರೆಂಟ್ ಬಂತು, ಬ್ಯಾಟರಿ ಮಾತ್ರ ಚಾರ್ಜ್ ಆಗಲೇ ಇಲ್ಲ. ನಾನು ಹೋಗಿ ಮೀಟರ್ ಹಿಡಿದೆ. 8 ವೋಲ್ಟ್! ತುಂಬಿದ 12 ವೋಲ್ಟ್ ಬ್ಯಾಟರಿ 12.7ರ ಆಸುಪಾಸು ತೋರಿಸಬೇಕು. ಸುಮಾರು 10.5ಕ್ಕೆ ಇಳಿದಾಗ ಇನ್ವರ್ಟರ್ ತಾನೇ ನಿಲ್ಲುವುದು ಬ್ಯಾಟರಿಯ ಜೀವ ಉಳಿಸುವುದಕ್ಕೆ. 8ಕ್ಕೆ ಇಳಿದದ್ದನ್ನು ಎಷ್ಟೋ ಇನ್ವರ್ಟರ್‌ಗಳು ಬ್ಯಾಟರಿ ಅಂತಲೇ ಗುರುತಿಸುವುದಿಲ್ಲ. ಶಿವಮೊಗ್ಗಕ್ಕೆ ತಂದು ಬೇರೆ ಚಾರ್ಜರ್‌ಗೆ ಹಾಕಿದೆ. ಬ್ಯಾಟರಿ ಒಳಗಿನ ಪ್ಲೇಟಿನ ಮೇಲೆಲ್ಲ ಸಲ್ಫೇಟ್ ಅನ್ನುವ ಉಪ್ಪು ಗಟ್ಟಿಯಾಗಿ ಕೂತಿತ್ತು. ಮೊದಲಿನ ಅರ್ಧ ಶಕ್ತಿಯೂ ಬರಲಿಲ್ಲ. ಕೂಗಿದಾಗ ದೀಪ ನೋಡಿ ಟಿವಿ, ಫ್ಯಾನ್ ನಿಲ್ಲಿಸಿ ಒಂದು 9 ವ್ಯಾಟ್ ಬಲ್ಬ್ ಮಾತ್ರ ಇಟ್ಟುಕೊಂಡಿದ್ದರೆ ಇನ್ನಷ್ಟು ಹೊತ್ತು ಬೆಳಕಿರುತ್ತಿತ್ತು, ಬ್ಯಾಟರಿಯೂ ಉಳಿಯುತ್ತಿತ್ತು.

ಓಹೋ, ಗಾಜಿನ ಆಚೆಯಿಂದ ಬೇಗ ಮುಗಿಸಿ ಅಂತ ಕೈ ಸನ್ನೆ ಮಾಡುತ್ತಿದ್ದಾರೆ. ಅಜ್ಜಿಯ ಕಥೆ ಹಿಡಿದರೆ ನನಗೆ ಹೀಗೇ ಆಗುತ್ತದೆ.

ಮೇನ್ಸ್ ದೀಪ ಹತ್ತಿದ್ದರೆ ಕಂಬದಿಂದ ಕರೆಂಟ್ ಬರುತ್ತಿದೆ. ಚಾರ್ಜಿಂಗ್ ದೀಪ ಅಂದರೆ ಬ್ಯಾಟರಿ ತುಂಬುತ್ತಿದೆ. ಓವರ್‌ಲೋಡ್ ದೀಪ ಹತ್ತಿ ಕೂಗಿದರೆ ಹೊರೆ ಜಾಸ್ತಿ. ಇನ್ವರ್ಟರ್ ಲೈನಿಗೆ ಯಾರೋ ಮಿಕ್ಸಿ ಹಾಕಿದ್ದಾರೆ, ಇಲ್ಲವೇ ಇಸ್ತ್ರಿ ಪೆಟ್ಟಿಗೆ. ಮೊದಲು ಅದನ್ನು ಕಿತ್ತುಹಾಕಿ, ಆಮೇಲೆ ಸ್ವಿಚ್ ಮುಟ್ಟಿ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ, ಅದಕ್ಕೇ ಬಣ್ಣ ನೆಚ್ಚಬೇಡಿ, ಪಕ್ಕದ ಅಕ್ಷರ ಓದಿ.

ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಯಲ್ಲೇ ಓಡುತ್ತಿದೆ ಅಂತ ಕೆಲವರು ಬೈಯುತ್ತಾರೆ. ಸುಮ್ನೆ ಬೈಯಬೇಡಿ. ಸಂಜೆ ವೋಲ್ಟೇಜ್ ಬಿದ್ದಿರುತ್ತದೆ. ಹಿಂದುಗಡೆಯ ಪುಟ್ಟ ಸ್ವಿಚ್ ಯುಪಿಎಸ್ ಕಡೆ ಇದ್ದರೆ, ವೋಲ್ಟೇಜ್ 180ಕ್ಕಿಂತ ಕೆಳಗಿಳಿದ ಕೂಡಲೇ ಅದು ಬ್ಯಾಟರಿಗೆ ಹಾರುತ್ತದೆ. ಕಂಪ್ಯೂಟರ್ ಇಲ್ಲದ ಮನೆಗೆ ಆ ಸ್ವಿಚ್ ನಾರ್ಮಲ್ ಕಡೆ ಇದ್ದರೆ ಸಾಕು.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಅಬ್ಬಿ ನೀರು ಕುಡಿಯಲಿಕ್ಕೆ ಅಮೃತ ಇರಬಹುದು, ಬ್ಯಾಟರಿಗೆ ಬೇಡ. ಬಚ್ಚಲೊಲೆ ಪಕ್ಕದಲ್ಲಂತೂ ಬ್ಯಾಟರಿ ಇಡಲೇಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ.

ದೀಪದ ಪಕ್ಕದ ಅಕ್ಷರ ಇಂಗ್ಲಿಷ್‌ನಲ್ಲಿ ಇರುತ್ತದೆ, ಅದೂ ಇರುವೆ ಗಾತ್ರದಲ್ಲಿ. ಮಕ್ಕಳ ಹತ್ತಿರ ಓದಿಸಿ, ಕನ್ನಡದಲ್ಲಿ ಒಂದು ಚೀಟಿ ಬರೆದು ಅಂಟಿಸಿ. ಆ ಅಜ್ಜಿಯ ಮನೆಗೆ ಹೊಸ ಬ್ಯಾಟರಿ ಕೂರಿಸಲು ಹೋದಾಗ ನೋಡಿದೆ. ಕೆಂಪು ದೀಪದ ಕೆಳಗೆ ಹಳೇ ಕ್ಯಾಲೆಂಡರ್ ಚೂರು, ಅದರ ಮೇಲೆ ಅಜ್ಜಿಯದೇ ದಪ್ಪ ಅಕ್ಷರ: "ಇದು ಹತ್ತಿದರೆ ಟಿವಿ ಬಂದ್."

ನಮಸ್ಕಾರ.