‘ಬಂದಳು’ ಅಲ್ಲ, ‘ಬಂತು’: ಹಂಸಲೇಖ ಹಾಡು ಕಟ್ಟುವ ಬಗೆ

(ದೃಶ್ಯ: ಹಳೇ ಟೇಪ್ ರೆಕಾರ್ಡರ್. ಕ್ಯಾಸೆಟ್ ಒಳಗೆ ಹೋಗುತ್ತದೆ, ಬಟನ್ ಒತ್ತಿದ ಸದ್ದು)

ನಮಸ್ಕಾರ. ‘ನಿಂಬೆ ಹಣ್ಣಿನಂಥ ಹುಡುಗಿ ಬಂತು ನೋಡು’. ಈ ಸಾಲನ್ನು ಕನ್ನಡ ಮೇಷ್ಟ್ರು ನೋಡಿದರೆ ‘ಹುಡುಗಿ ಬಂದಳು’ ಅಂತ ತಿದ್ದುತ್ತಾರೆ, ಅಲ್ವಾ? ಆದರೆ ಕಾಲೇಜಿನ ಗೇಟ್ ಹತ್ತಿರ ನಿಂತ ಹುಡುಗರು ಹಾಗೆ ಮಾತಾಡುವುದಿಲ್ಲ. ಹೋಲಿಕೆಗೆ ಚಂದ್ರ, ತಾವರೆಗಳನ್ನೂ ಹುಡುಕುವುದಿಲ್ಲ. ಸಂತೆಯ ನಿಂಬೆಹಣ್ಣೇ ಸಾಕು.

ಇದು 1987ರ ‘ಪ್ರೇಮಲೋಕ’. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರದೇ.

(ದೃಶ್ಯ: ಹಾರ್ಮೋನಿಯಂ, ಪಕ್ಕದಲ್ಲಿ ಖಾಲಿ ಹಾಳೆ)

ಸಿನಿಮಾ ಹಾಡಿಗೆ ಸಾಮಾನ್ಯವಾಗಿ ಮೊದಲು ಟ್ಯೂನ್ ಆಗುತ್ತದೆ. ಸಂಗೀತ ನಿರ್ದೇಶಕರು ಅದನ್ನು ‘ತನನ ತಾನನ’ ಅಂತ ಹಾಡಿ ಕೊಡುತ್ತಾರೆ. ಆ ಮೀಟರಿಗೆ ಪದ ಕೂರಿಸುವುದು ಸಾಹಿತಿಯ ಕೆಲಸ. ಒಂದು ಚಂದದ ಪದ ಒಂದು ಮಾತ್ರೆ (ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ) ಜಾಸ್ತಿ ಆಯಿತು ಅಂದುಕೊಳ್ಳಿ. ಟ್ಯೂನ್ ಅಲ್ಲಾಡುವುದಿಲ್ಲ, ಪದವೇ ಹೋಗಬೇಕು. ಎರಡೂ ಒಬ್ಬರದೇ ಆದಾಗ ಪದಕ್ಕೋಸ್ಕರ ಟ್ಯೂನ್ ಕೂಡ ಸ್ವಲ್ಪ ಸರಿದು ಜಾಗ ಕೊಡುತ್ತದೆ. ಆಗ ಬೀದಿಯ ಮಾತು ಬೀದಿಯ ಲಯದಲ್ಲೇ ಹಾಡಾಗುತ್ತದೆ. ಬೇಕಾದರೆ ಎಣಿಸಿ ನೋಡಿ. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ‘ಬಂದಳು’ ನಾಲ್ಕು ಮಾತ್ರೆ. ‘ಬಂತು’ ಮೂರು, ‘ನೋಡು’ ಮೂರು. ಹೆಜ್ಜೆ ಸಮ.

ಈ ಸ್ವಾತಂತ್ರ್ಯ ಅವರಿಗೆ ಸುಮ್ನೆ ಸಿಗಲಿಲ್ಲ. ಮೊದಲ ಹೆಸರು ಗಂಗರಾಜು. ಬರೆಯುತ್ತಿದ್ದದ್ದು ‘ಸ್ವಾನ್’ ಪೆನ್ನಿನಲ್ಲಿ. ಆ ಪೆನ್ನೇ ಕನ್ನಡಕ್ಕೆ ಬಂದು ‘ಹಂಸಲೇಖ’ ಆಯಿತು. 1973ರಲ್ಲಿ ‘ತ್ರಿವೇಣಿ’ಗೆ ‘ನೀನಾ ಭಗವಂತ’ ಬರೆದರು. ಆಮೇಲೆ ನಾಟಕ, ಆರ್ಕೆಸ್ಟ್ರಾ. 1985ರ ‘ನಾನು ನನ್ನ ಹೆಂಡ್ತಿ’ಗೂ ಅವರದು ಬರೀ ಸಾಹಿತ್ಯ, ಸಂಗೀತ ಶಂಕರ್–ಗಣೇಶ್ ಅವರದು. ಮೊದಲ ಹಾಡಿನಿಂದ ‘ಪ್ರೇಮಲೋಕ’ಕ್ಕೆ ಹದಿನಾಲ್ಕು ವರ್ಷ! ಅಲ್ಲಿಂದ ರವಿಚಂದ್ರನ್ ಜೊತೆ ‘ರಣಧೀರ’, ‘ರಾಮಾಚಾರಿ’, ‘ಹಳ್ಳಿ ಮೇಷ್ಟ್ರು’. ಕ್ಯಾಸೆಟ್ ಅಂಗಡಿಗಳಿಗೆ ಅದು ಹಬ್ಬದ ಕಾಲ.

ಅವರನ್ನು ಹುಡುಗಾಟದ ಹಾಡುಗಳಿಗೆ ಮಾತ್ರ ಸೀಮಿತ ಮಾಡಿದರೆ ನನಗೆ ಬೇಜಾರಾಗುತ್ತದೆ. 1990ರ ‘ಮುತ್ತಿನ ಹಾರ’ದಲ್ಲಿ ಬಾಲಮುರಳಿಕೃಷ್ಣ ಅವರಿಂದ ಹಾಡಿಸಿದವರು ಇವರೇ. ಗದಗಿನ ಗವಾಯಿಗಳ ಬದುಕಿನ ಚಿತ್ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ಗೆ ಇವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಚಿತ್ರದ ಹಾಡಿಗೆ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಬಂತು.

(ದೃಶ್ಯ: ಜಟಕಾ ಗಾಡಿ, ಕುದುರೆ ಗೊರಸಿನ ಸದ್ದು)

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 1993ರ ‘ಆಕಸ್ಮಿಕ’. ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’, ಹಾಡಿದ್ದು ಡಾ. ರಾಜ್‌ಕುಮಾರ್. ಅದರಲ್ಲಿ ಬರುವ ಜಟಕಾ ಬಂಡಿ ಡಿ.ವಿ.ಜಿ. ಅವರ ಕಗ್ಗದ್ದು. ‘ಬದುಕು ಜಟಕಾಬಂಡಿ’ ಅನ್ನುವ ಕಗ್ಗದ ಸಾಲು ಐದೈದು ಮಾತ್ರೆಯಲ್ಲಿ ನಿಧಾನಕ್ಕೆ ನಡೆಯುತ್ತದೆ. ಹಂಸಲೇಖ ಅಲ್ಲಿಗೆ ಒಂದು ‘ಇದು’ ಸೇರಿಸಿದರು, ಅಷ್ಟೇ. ‘ಬದುಕಿದು’ ನಾಲ್ಕು, ‘ಜಟಕಾ’ ನಾಲ್ಕು. ಕುದುರೆ ಓಡಲು ಶುರು ಮಾಡಿತು.

ನವೆಂಬರ್ 1ಕ್ಕೆ ಆಟೋ ಸ್ಟ್ಯಾಂಡಿನಲ್ಲಿ ಬಾವುಟ ಏರಿಸಿ, ಸ್ಪೀಕರ್ ಕಟ್ಟಿ ಈ ಹಾಡು ಹಾಕುತ್ತಾರಲ್ಲ, ಆಗ ಆ ‘ಇದು’ಗೆ ಒಮ್ಮೆ ಕಿವಿಗೊಡಿ.