ಪರದೆ ಕಪ್ಪಾದರೆ ಮೊದಲು ಕಿವಿ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ವರ್ಷದ ಆಟಿ ತಿಂಗಳು. ಬೆಳಗ್ಗಿನಿಂದ ಬಿಡದೆ ಹೊಯ್ಯುವ ಮಳೆ. ಕಂಕನಾಡಿಯಲ್ಲಿರುವ ನನ್ನ ರಿಪೇರಿ ಅಂಗಡಿಯ ಬಾಗಿಲಲ್ಲಿ ಕೊಡೆ ಮಡಚಿ ನಿಂತವರು ಮೂಲ್ಕಿ ಕಡೆಯ ಒಬ್ಬರು ಟೀಚರು. ಬಟ್ಟೆ ಚೀಲದೊಳಗೆ ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯೊಳಗೆ ಬೈರಾಸು ಸುತ್ತಿದ ಲ್ಯಾಪ್‌ಟಾಪ್. ಮಗುವನ್ನು ಡಾಕ್ಟರ ಮೇಜಿನ ಮೇಲೆ ಮಲಗಿಸುವ ಹಾಗೆ ಅದನ್ನು ಇಟ್ಟರು.

"ಅಣ್ಣ, ಇದರ ಬೋರ್ಡೇ ಹೋಗಿದೆ, ಹೊಸತು ತೆಗೊಳ್ಳಿ ಅಂತ ಒಂದು ಕಡೆ ಹೇಳಿದ್ರು. ಹೊಸತು ಬೇಕಾದ್ರೆ ತೆಗೊಳ್ಳುವ. ಆದ್ರೆ ಇದರಲ್ಲಿ ನನ್ನ ಅಮ್ಮನ ಹಾಡು ಉಂಟು. ಅದೊಂದು ಸಿಗಬಹುದಾ?"

ಅವರ ಅಮ್ಮ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟವರು. ನೆಡುವಾಗ ಹೇಳುತ್ತಿದ್ದ ಓಬೇಲೆ, ಪಾಡ್ದನ ಎಂಬ ತುಳು ಹಾಡುಗಳನ್ನು ಕೊನೆಗಾಲದಲ್ಲಿ ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದರು. ಆಮೇಲೆ ಅಮ್ಮ ಹೋದರು, ಮೊಬೈಲೂ ಬದಲಾಯಿತು. ಈಗ ಪರದೆ ಕಪ್ಪು.

ಈ ಭಾಷಣಕ್ಕೆ ಒಪ್ಪಿಕೊಳ್ಳುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅವರೇ. ಪರದೆ ಕಪ್ಪಾಯಿತು ಎಂದ ಕೂಡಲೇ ಒಳಗಿದ್ದದ್ದೆಲ್ಲ ಹೋಯಿತು ಎಂದು ಜನ ಅಂದುಕೊಳ್ಳುತ್ತಾರೆ. ಮಗಳ ಮದುವೆಯ ಫೋಟೊ, ಪ್ರಾಜೆಕ್ಟ್ ವರದಿ, ಸೊಸೈಟಿಯ ಲೆಕ್ಕ, ಎಲ್ಲವೂ. ಹಾಗಲ್ಲ. ನಿಮ್ಮ ಫೈಲುಗಳಿರುವುದು ಹಾರ್ಡ್‌ಡಿಸ್ಕಿನಲ್ಲೋ ಎಸ್ಎಸ್‌ಡಿಯಲ್ಲೋ. ಅದು ಕೀಬೋರ್ಡಿನ ಅಡಿಯಲ್ಲಿ, ಬೇರೆಯೇ ಒಂದು ಭಾಗ. ಪರದೆ ಒಡೆದು ಚೂರಾದರೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಯಂತ್ರ ಜೀವಂತ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ರೇಡಿಯೊ ಕೇಳುವ ನಿಮಗೆ ಇದನ್ನು ಹೇಳುವುದು ಸುಲಭ. ಕಿವಿ ಕೊಡಿ. ಪವರ್ ಬಟನ್ ಒತ್ತಿ, ಮನೆಯ ಫ್ಯಾನು, ಟಿವಿ ನಿಲ್ಲಿಸಿ, ಲ್ಯಾಪ್‌ಟಾಪಿನ ಬದಿಗೆ ಕಿವಿ ಇಡಿ. ಸಣ್ಣ ಫ್ಯಾನು ತಿರುಗುವ ಸದ್ದು ಕೇಳುತ್ತದೆಯೇ? ಸ್ವಲ್ಪ ಹೊತ್ತಿಗೆ ವಿಂಡೋಸ್ ಏಳುವ ದನಿ ಬಂತೇ? ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಫ್ಯಾನೇ ಇರುವುದಿಲ್ಲ, ಆಗ ಕ್ಯಾಪ್ಸ್‌ಲಾಕ್ ಕೀ ಒತ್ತಿ ನೋಡಿ. ಒತ್ತಿದಾಗ ಅದರ ಪುಟ್ಟ ದೀಪ ಹತ್ತಿ, ಮತ್ತೆ ಒತ್ತಿದಾಗ ಆರಿದರೆ ಒಳಗೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಬೀಪ್ ಬೀಪ್ ಎಂದು ಕೂಗಿದರೆ ಎಷ್ಟು ಸಲ ಎಂದು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. ಎಷ್ಟು ಬೀಪಿಗೆ ಏನರ್ಥ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ರಿಪೇರಿಯವನಿಗೆ ಆ ಒಂದು ಸಂಖ್ಯೆ ಅರ್ಧ ಕೆಲಸ ಮುಗಿಸಿಕೊಡುತ್ತದೆ.

ಇನ್ನು ಪರದೆಯ ವಿಷಯ. ನಮ್ಮೂರಿನವರಿಗೆ ಇದನ್ನು ವಿವರಿಸಲು ನಾನು ಯಾವಾಗಲೂ ದೀಪಾವಳಿಯ ಗೂಡುದೀಪವನ್ನೇ ಹಿಡಿಯುತ್ತೇನೆ. ಗೂಡುದೀಪಕ್ಕೆ ಅಂಟಿಸಿದ ಬಣ್ಣದ ಕಾಗದ ತಾನಾಗಿ ಹೊಳೆಯುವುದಿಲ್ಲ. ಒಳಗಿನ ಬಲ್ಬು ಹೊತ್ತಿದರೆ ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಕಾಣುತ್ತದೆ. ಬಲ್ಬು ಹೋದರೆ ಗೂಡು ಕತ್ತಲೆ, ಆದರೆ ಕಾಗದ ಅಲ್ಲೇ ಇದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯೂ ಹೀಗೆಯೇ. ಎರಡು ಗಾಜಿನ ಹಾಳೆಗಳ ನಡುವೆ ದ್ರವ ಹರಳು ಎಂಬ ವಸ್ತುವಿದೆ. ಚಿತ್ರ ಮೂಡಿಸುವುದು ಅದರ ಕೆಲಸ, ಬೆಳಕು ಕೊಡುವುದಲ್ಲ. ಬೆಳಕು ಬರುವುದು ಹಿಂದಿನಿಂದ. ಪರದೆಯ ಅಂಚಿಗೆ, ಹೆಚ್ಚಾಗಿ ಕೆಳಗಿನ ಅಂಚಿಗೆ, ಸಾಲಾಗಿ ಕೂರಿಸಿದ ಎಲ್ಇಡಿಗಳಿಂದ. ಈ ದ್ರವ ಹರಳನ್ನು ಮೊದಲು ಗಮನಿಸಿದವರು ಫ್ರೆಡ್ರಿಕ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ, 1888ರಲ್ಲಿ. ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ ಅದು ಒಮ್ಮೆ ಕರಗಿ ಮಬ್ಬಾಗಿ ನಿಂತು, ಇನ್ನೂ ಕಾಯಿಸಿದ ಮೇಲೆ ತಿಳಿಯಾಯಿತಂತೆ. ಗಿಡಮರ ನೋಡುವವರ ಕಣ್ಣಿಗೆ ಬಿದ್ದ ಆ ಮಬ್ಬಿನಿಂದ ಇವತ್ತು ನಮ್ಮೆಲ್ಲರ ಮೇಜಿನ ಮೇಲೆ ಚಿತ್ರ ಮೂಡುತ್ತಿದೆ. ಇದು ನೆನಪಾದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನಾನು ಈ ಕೆಲಸಕ್ಕೆ ಕೂತ ಹೊಸತರಲ್ಲಿ ಎಲ್ಇಡಿ ಇರಲಿಲ್ಲ. ಸೂಜಿಯಷ್ಟು ಸಪೂರದ ಟ್ಯೂಬ್‌ಲೈಟು, ಅದನ್ನು ಹೊತ್ತಿಸಲು ನೂರಾರು ವೋಲ್ಟಿನ ಇನ್ವರ್ಟರ್ ಬೋರ್ಡು. ಹೋಗುವ ಮೊದಲು ಪರದೆ ಗುಲಾಬಿ ಬಣ್ಣಕ್ಕೆ ತಿರುಗಿ ಸೂಚನೆ ಕೊಡುತ್ತಿತ್ತು. 2010ರ ಆಸುಪಾಸಿನಲ್ಲಿ ಅವೆಲ್ಲ ಮರೆಯಾದವು. ಎಲ್ಇಡಿ ಹೆಚ್ಚು ಬಾಳುತ್ತದೆ, ಆದರೆ ಸೂಚನೆ ಕೊಡುವುದಿಲ್ಲ. ನಿನ್ನೆ ಇತ್ತು, ಇವತ್ತಿಲ್ಲ.

ಆದ್ದರಿಂದ ಒಂದು ಟಾರ್ಚ್ ತನ್ನಿ, ಮೊಬೈಲಿನದಾದರೂ ಸಾಕು. ಕೋಣೆಯ ಲೈಟು ಆರಿಸಿ, ಲ್ಯಾಪ್‌ಟಾಪ್ ಆನ್ ಮಾಡಿ, ಎರಡು ನಿಮಿಷ ಬಿಟ್ಟು, ಟಾರ್ಚನ್ನು ಪರದೆಗೆ ತೀರಾ ಹತ್ತಿರ ಓರೆಯಾಗಿ ಹಿಡಿದು ಮೆಲ್ಲ ಸರಿಸುತ್ತಾ ಹೋಗಿ. ಬಾವಿಯ ತಳದಲ್ಲಿ ಕಂಡ ಹಾಗೆ ಮಸುಕಾಗಿ ಗಡಿಯಾರದ ಅಂಕಿಗಳು, ಯಾವುದೋ ಐಕಾನಿನ ಅಂಚು ಕಂಡಿತು ಎಂದಿಟ್ಟುಕೊಳ್ಳಿ. ಹಾಗಾದರೆ ಚಿತ್ರ ಬರುತ್ತಿದೆ, ಬೆಳಕು ಮಾತ್ರ ಇಲ್ಲ. ಅಂಗಡಿಗೆ ಹೊರಡುವ ಮೊದಲು ಬೆಳಕು ಹೆಚ್ಚಿಸುವ ಕೀ, ಸೂರ್ಯನ ಚಿತ್ರ ಇರುವುದು, ಒತ್ತಿ ನೋಡಿ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಎಂಬ ಕೀಯ ಜೊತೆ ಒತ್ತಬೇಕು. ಮಕ್ಕಳು ಆಡುತ್ತಾ ಬೆಳಕನ್ನು ಸೊನ್ನೆಗೆ ಇಳಿಸಿ ಹೋದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಕುಂದಾಪುರದಿಂದ ಬಸ್ಸು ಹತ್ತಿ ಬಂದವರ ಒಂದು ದಿನ ಹೋಯಿತಲ್ಲ, ಅದು ಬೇಸರ.

ಟಾರ್ಚಿಗೆ ಏನೂ ಕಾಣಲಿಲ್ಲವೇ? ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ. ಚಿತ್ರ ತಾನಾಗಿ ಬಾರದಿದ್ದರೆ ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿ, ಅದು ಚಿತ್ರವನ್ನು ಯಾವ ಪರದೆಗೆ ಕಳಿಸಬೇಕೆಂದು ಕೇಳುವ ಕೀಲಿ. ಟಿವಿಯಲ್ಲಿ ಚಿತ್ರ ಬಂತು ಎಂದರೆ ನೆಮ್ಮದಿಯ ಉಸಿರು ಬಿಡಿ, ಬೋರ್ಡು, ಅಂದರೆ ಒಳಗಿನ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಹಲಗೆ, ಬಹುಮಟ್ಟಿಗೆ ಚೆನ್ನಾಗಿಯೇ ಇದೆ. ತೊಂದರೆ ಹೆಚ್ಚಾಗಿ ಪರದೆಯದ್ದು, ಇಲ್ಲ ಅದಕ್ಕೆ ಹೋಗುವ ಕೇಬಲಿನದ್ದು. ಮತ್ತು ಆ ಕ್ಷಣದಲ್ಲೇ, ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮೊದಲು, ಪೆನ್‌ಡ್ರೈವ್ ಚುಚ್ಚಿ ಬೇಕಾದದ್ದನ್ನೆಲ್ಲ ಕಾಪಿ ಮಾಡಿಕೊಳ್ಳಿ.

ಕೆಲಸದ ನಡುವೆ ಪರದೆ ಕಪ್ಪಾಯಿತು, ಬರೆಯುತ್ತಿದ್ದ ಫೈಲು ತೆರೆದೇ ಇದೆ ಎಂದಾದರೆ ಗಾಬರಿಯಲ್ಲಿ ಪವರ್ ಬಟನ್ ಅದುಮಬೇಡಿ. ಮೊದಲು ಕಂಟ್ರೋಲ್ ಮತ್ತು ಎಸ್ ಒತ್ತಿ. ಮೊದಲೇ ಹೆಸರು ಕೊಟ್ಟು ಉಳಿಸಿದ್ದ ಫೈಲಾದರೆ ಕತ್ತಲಲ್ಲೂ ಸೇವ್ ಆಗುತ್ತದೆ. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ಈ ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು ಬೀಪ್ ಬಂದು ಚಿತ್ರ ಮೂಡಿಸುವ ತಂತ್ರಾಂಶ ಮರುಚಾಲೂ ಆಗುತ್ತದೆ. ನಿದ್ದೆಯಿಂದ ಏಳುವಾಗ ಕಪ್ಪಾಗಿಯೇ ಉಳಿಯುವ ಪರದೆಗೆ ಎಷ್ಟೋ ಸಲ ಇಷ್ಟೇ ಸಾಕು. ಇದಕ್ಕೂ ಬಗ್ಗದಿದ್ದರೆ ಪವರ್ ಬಟನ್ ಅದುಮಿ ಹಿಡಿದು ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಲು ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ನನ್ನು ಮತ್ತೆ ಒಂದು 30 ಸೆಕೆಂಡು ಅದುಮಿ ಹಿಡಿದು, ಚಾರ್ಜರ್ ಹಾಕಿ ಆನ್ ಮಾಡಿ. ಬೋರ್ಡಿನಲ್ಲಿ ಉಳಿದ ಕರೆಂಟು ಇಳಿದು ಯಂತ್ರ ಮೊದಲಿಂದ ಎದ್ದು ಕೂರುತ್ತದೆ.

ಮಣಿಪಾಲದ ಒಬ್ಬಳು ವಿದ್ಯಾರ್ಥಿನಿಯ ಲ್ಯಾಪ್‌ಟಾಪ್ ನನಗೆ ಒಂದು ಪಾಠ ಕಲಿಸಿತು. ಅವಳ ರೂಮಿನಲ್ಲಿ ಪರದೆ ಆಗಾಗ ಆರುತ್ತದೆ, ನನ್ನ ಅಂಗಡಿಯಲ್ಲಿ ಆರುವುದೇ ಇಲ್ಲ. ಎರಡು ದಿನ ಇಟ್ಟು ನೋಡಿ ವಾಪಸು ಕೊಟ್ಟೆ. ಮೂರನೆಯ ದಿನ ಅವಳು ಬಂದು ನನ್ನ ಎದುರೇ ಕೂತು ಟೈಪ್ ಮಾಡಿದಳು. ಕಪ್ಪು! ಅವಳ ಕೈಯಲ್ಲಿ ಅಯಸ್ಕಾಂತದ ಕೊಂಡಿಯ ವಾಚ್ ಪಟ್ಟಿ ಇತ್ತು. ಮುಚ್ಚಳ ಮುಚ್ಚಿದೆಯೇ ಎಂದು ಲ್ಯಾಪ್‌ಟಾಪಿಗೆ ತಿಳಿಯುವುದು ಒಂದು ಅಯಸ್ಕಾಂತದಿಂದ. ಮುಚ್ಚಳದಲ್ಲಿ ಅಯಸ್ಕಾಂತ, ಕೆಳಗೆ ಅಂಗೈ ಊರುವ ಜಾಗದಲ್ಲಿ ಅದನ್ನು ಗ್ರಹಿಸುವ ಪುಟ್ಟ ಸೆನ್ಸರ್. ಎಡ್ವಿನ್ ಹಾಲ್ ಎಂಬ ಭೌತವಿಜ್ಞಾನಿ 1879ರಲ್ಲಿ ಕಂಡುಹಿಡಿದ ತತ್ವ, ಅವರ ಹೆಸರಿನಿಂದಲೇ ಅದನ್ನು ಹಾಲ್ ಸೆನ್ಸರ್ ಎನ್ನುವುದು. ವಾಚಿನ ಕೊಂಡಿ ಆ ಜಾಗಕ್ಕೆ ಬಂದಾಗಲೆಲ್ಲ ಮುಚ್ಚಳ ಮುಚ್ಚಿತೆಂದು ತಿಳಿದು ಲ್ಯಾಪ್‌ಟಾಪ್ ಮಲಗುತ್ತಿತ್ತು. ಮೊಬೈಲಿನ ಅಯಸ್ಕಾಂತದ ಕವರು, ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದು ಇಡುವುದು, ಇವೂ ಇದೇ ಕೆಲಸ ಮಾಡುತ್ತವೆ. ಅಂದಿನಿಂದ ನಾನು ಯಂತ್ರವನ್ನು ಮಾತ್ರ ನೋಡುವುದಿಲ್ಲ, ಅದನ್ನು ಬಳಸುವವರ ಕೈಯನ್ನೂ ನೋಡುತ್ತೇನೆ.

ಕರಾವಳಿಯವರಾದ ನಮಗೆ ಇನ್ನೊಂದು ಕಷ್ಟ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಕಪಾಟಿನ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದೇ ಗಾಳಿ ಲ್ಯಾಪ್‌ಟಾಪಿನ ಒಳಗೂ ಇದೆ, ಸಮುದ್ರದ ಉಪ್ಪು ಸೇರಿದ ಗಾಳಿ. ಬಿಚ್ಚಿ ನೋಡಿದರೆ ತಾಮ್ರದ ಕೊಡಪಾನಕ್ಕೆ ಹಿಡಿಯುವಂಥದ್ದೇ ಹಸಿರು ಕಿಲುಬು. ರ್‍ಯಾಮ್ ಎಂಬ ತಾತ್ಕಾಲಿಕ ನೆನಪಿನ ಪಟ್ಟಿ ಕೂರುವ ಜಾಗದಲ್ಲಿ ಅದು ಹಿಡಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಏಳುವುದಿಲ್ಲ. ಬಿಚ್ಚಲು ಬರುವ ರ್‍ಯಾಮ್ ಆದರೆ ತೆಗೆದು, ಹೊಂಬಣ್ಣದ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಬಿಡುತ್ತವೆ. ಮಗ ಗಲ್ಫಿಗೆ ಹೋದ ಮೇಲೆ ಕಪಾಟಿನಲ್ಲಿ ಬಟ್ಟೆಯ ನಡುವೆ ಭದ್ರವಾಗಿ ಇಟ್ಟ ಲ್ಯಾಪ್‌ಟಾಪ್‌ಗಳೇ ಹೆಚ್ಚಾಗಿ ಹೀಗೆ ಬರುವುದು. ಜೋಪಾನ ಮಾಡಿದವರು ಅಮ್ಮಂದಿರು, ಅವರ ತಪ್ಪೇನೂ ಇಲ್ಲ. ಆದರೆ ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಡಿ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ.

ಬೆಂಗಳೂರಿನಿಂದ ರಾತ್ರಿ ಎಸಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಬರುವವರು, ಮನೆಗೆ ಬಂದ ಕೂಡಲೇ ಬ್ಯಾಗಿನಿಂದ ತೆಗೆದು ಆನ್ ಮಾಡಬೇಡಿ. ತಂಪಾದ ಲೋಹಕ್ಕೆ ನಮ್ಮ ಸೆಕೆಯ ಗಾಳಿ ತಾಗಿದರೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ, ನೀರಿನ ಹನಿ ಕೂರುತ್ತದೆ. ಸ್ನಾನ, ತಿಂಡಿ ಮುಗಿಸಿ ಆಮೇಲೆ ತೆರೆಯಿರಿ. ನಿಜವಾಗಿಯೂ ನೀರೋ ಚಹಾವೋ ಬಿದ್ದರೆ ಚಾರ್ಜರ್ ಕಿತ್ತು, ಆಫ್ ಮಾಡಿ, ಮಗುಚಿ ಇಟ್ಟು, ಹಾಗೆಯೇ ರಿಪೇರಿಗೆ ತನ್ನಿ. ಅಕ್ಕಿಯೊಳಗೆ ಹೂಳುವುದು ಬೇಡ, ಅಕ್ಕಿಯ ಧೂಳು ಒಳಗೆ ಸೇರುತ್ತದೆ ಅಷ್ಟೇ. ಉಳಿದಿದೆಯೇ ನೋಡುವ ಎಂದು ಆನ್ ಮಾಡಿದ ಆ ಒಂದು ಕ್ಷಣದಲ್ಲೇ ಬೋರ್ಡು ಸುಟ್ಟದ್ದು ಹೆಚ್ಚು.

ರಿಪೇರಿ ಕಲಿಯುತ್ತಿರುವ ಹುಡುಗರು ಕೇಳುತ್ತಿದ್ದರೆ ಒಂದೇ ಮಾತು. ಡಿಸ್‌ಪ್ಲೇ ಕೇಬಲಿಗೆ ಕೈ ಹಾಕುವ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಬಿಡಿಸದೆ ಎಳೆದರೆ ಬೋರ್ಡಿನ ಮೇಲಿರುವ, ಪರದೆಯ ಹಿಂದಿನ ಬೆಳಕಿಗೆ ಕರೆಂಟು ಕೊಡುವ, ಎಳ್ಳಿನಷ್ಟು ಸಣ್ಣ ಬ್ಯಾಕ್‌ಲೈಟ್ ಫ್ಯೂಸ್ ಸುಡಬಹುದು. ಆಗ ಹೊಸ ಪರದೆ ಹಾಕಿದರೂ ಕತ್ತಲೆ, ಹಾಕಿಸಿಕೊಂಡವರಿಗೆ ಸುಮ್ಮನೆ ನಷ್ಟ.

ಮೂಲ್ಕಿಯ ಟೀಚರ ಲ್ಯಾಪ್‌ಟಾಪಿಗೆ ಬರುತ್ತೇನೆ. ಆನ್ ಮಾಡಿದಾಗ ಫ್ಯಾನು ತಿರುಗಿತು, ಕ್ಯಾಪ್ಸ್‌ಲಾಕ್ ದೀಪ ಹತ್ತಿತು. ಟಾರ್ಚಿಗೆ ಏನೂ ಕಾಣಲಿಲ್ಲ. ಪರದೆಯ ಸುತ್ತಲಿನ ಪಟ್ಟಿ ಬಿಡಿಸಿ ಕೇಬಲ್ ನೋಡಿದೆ. ಮುಚ್ಚಳ ತೆರೆದು ಮುಚ್ಚುವಾಗಲೆಲ್ಲ ಬಿಜಾಗರಿಯ ಹತ್ತಿರ ಆ ಕೇಬಲ್ ಮಡಚಿಕೊಳ್ಳುತ್ತದೆ. ಕೂದಲಿನಷ್ಟು ಸಪೂರದ ತಂತಿಗಳು, ಅವುಗಳಲ್ಲಿ ಮೂರು ಅಲ್ಲೇ ತುಂಡಾಗಿದ್ದವು. ಅದರ ತುದಿಯ 30 ಪಿನ್ನುಗಳ ಕನೆಕ್ಟರಿಗೆ ಒಂದು ಬದಿಯಿಂದ ಹಸಿರು ಹಿಡಿದಿತ್ತು. ಬೋರ್ಡಿಗೆ ಏನೂ ಆಗಿರಲಿಲ್ಲ. ಬೇಕಾದದ್ದು ಒಂದು ಕೇಬಲ್ ಮಾತ್ರ, ಅದು ಬರಲು ನಾಲ್ಕು ದಿನ.

"ಅಲ್ಲಿಯವರೆಗೆ ಹಾಡು?" ಎಂದರು. ಮೂಲೆಯಲ್ಲಿದ್ದ ಹಳೆಯ ಮಾನಿಟರ್ ತಂದು ಸಿಕ್ಕಿಸಿದೆ. ಅವರೇ ಮೌಸ್ ಹಿಡಿದು, ಫೋಲ್ಡರ್ ತೆರೆದು, ಒಂದನ್ನು ಒತ್ತಿದರು. ಮೊದಲು ಬರೀ ಗಾಳಿಯ ಸದ್ದು, ಯಾರೋ ಕೆಮ್ಮಿದ್ದು, ದೂರದಲ್ಲಿ ಕೋಳಿ. ಆಮೇಲೆ ಆ ಅಮ್ಮ "ಓ ಬೇಲೇ..." ಎಂದು ಎಳೆದರು. ಹೊರಗಿನ ಮಳೆಯ ಸದ್ದಿಗೆ ಸರಿಯಾಗಿ ಕೇಳುವುದಿಲ್ಲವೆಂದು ನಾನು ಅಂಗಡಿಯ ಗಾಜಿನ ಬಾಗಿಲು ಮುಚ್ಚಿದೆ. ಒಟ್ಟು 14 ಹಾಡುಗಳಿದ್ದವು. ಒಂದು ಪೆನ್‌ಡ್ರೈವಿಗೆ ಅವರಿಗಾಗಿ, ಇನ್ನೊಂದಕ್ಕೆ ಮುಂಬೈಯಲ್ಲಿರುವ ಅವರ ತಮ್ಮನಿಗಾಗಿ ಕಾಪಿ ಮಾಡಿದೆವು. ಕಾಪಿ ಮುಗಿಯುವವರೆಗೂ ಅವರು ಕುರ್ಚಿಯಿಂದ ಏಳಲಿಲ್ಲ.

ನಮಸ್ಕಾರ.